ಗುಂಡ್ಲುಪೇಟೆಗೆ ಸಮುದ್ರ ಬಂದದ್ದು

ಚಾಮರಾಜನಗರದವರು ಸಮುದ್ರ ನೋಡಬೇಕೆಂದರೆ ಘಟ್ಟ ಇಳಿದು ಕೇರಳದ ಕಡೆಗೆ ಅರ್ಧ ದಿನ ಬಸ್ಸಿನಲ್ಲಿ ಕೂರಬೇಕು. ಮೃತ್ಯುಂಜಯನ ಮನೆಗೆ ಹೋದವರಿಗೆ ಆ ಕಷ್ಟ ಇರಲಿಲ್ಲ. ಅವನ ಹಾಲ್‌ನಲ್ಲಿ, ಬೇರೆಯವರ ಮನೆಯಲ್ಲಾದರೆ ಟಿವಿ ಇರುವ ಜಾಗದಲ್ಲಿ, ನಾಲ್ಕಡಿ ಉದ್ದದ ಸಮುದ್ರವೊಂದು ಆರು ವರ್ಷದಿಂದ ಗಾಜಿನೊಳಗೆ ನೆಲೆಸಿತ್ತು.

ಮೃತ್ಯುಂಜಯ ರೇಷ್ಮೆ ಇಲಾಖೆಯಲ್ಲಿ ಪ್ರಥಮ ದರ್ಜೆ ಸಹಾಯಕ. ವಯಸ್ಸು ನಲವತ್ತನಾಲ್ಕು. ಅವನು ರಜೆ ಹಾಕಿದರೆ ಕಚೇರಿಗೆ ಗೊತ್ತಾಗುತ್ತಿದ್ದದ್ದು ಮೂರನೆಯ ದಿನ. ಅಂಥವನು ಒಂದು ದಿನ ಮೈಸೂರಿಗೆ ಮಿಕ್ಸಿ ತರಲು ಹೋಗಿ, ಅಲಂಕಾರದ ಮೀನು ಮಾರುವ ಶಶಿಕುಮಾರನ ಮಾತಿಗೆ ಸಿಕ್ಕಿ, ಮಿಕ್ಸಿಯ ಬದಲು ಈ ತೊಟ್ಟಿಯ ಜೊತೆಗೆ ಮನೆಗೆ ಬಂದ. ಅಂದಿನಿಂದ ಅವನ ನಡಿಗೆಯೇ ಬದಲಾಯಿತು. ಮನೆಗೆ ಬಂದವರು ಯಾರಾದರೂ "ಓಹೋ, ಮೀನಿನ ತೊಟ್ಟಿ" ಎಂದರೆ, ಮೇಷ್ಟ್ರು ಕಾಗುಣಿತ ತಿದ್ದುವಂತೆ ತಿದ್ದುತ್ತಿದ್ದ.

"ಮೀನಿನ ತೊಟ್ಟಿ ಬೀದಿಗೆ ಹತ್ತಿದಾವೆ. ಇದು ಉಪ್ಪುನೀರು. ಬೆರಳು ಅದ್ದಿ ನೋಡಿ."

ಅದ್ದಿದವರು ನೆಕ್ಕುವವರೆಗೂ ಅವನು ಬಿಡುತ್ತಿರಲಿಲ್ಲ. ಹೀಗೆ ಇಡೀ ರೇಷ್ಮೆ ಇಲಾಖೆ, ಹೆಂಡತಿ ಸುಧಾಮಣಿಯ ತವರಿನವರು, ಗ್ಯಾಸ್ ತಂದುಕೊಡುವವನು, ಎಲ್ಲರೂ ಅವನ ಸಮುದ್ರದ ರುಚಿ ನೋಡಿದ್ದರು. ಒಳಗೆ ಕಿತ್ತಳೆ ಬಣ್ಣದ ಮೈಗೆ ಬಿಳಿ ಪಟ್ಟೆ ಹೊಡೆದಂಥ ಎರಡು ಮೀನು, ಗಂಡ ಹೆಂಡತಿ. ಹಳದಿಯ ಅಗಲ ಮೀನು ಒಂದು. ಇನ್ಯಾರದೋ ಚಿಪ್ಪಿನಲ್ಲಿ ಸಂಸಾರ ಹೂಡಿದ ಏಡಿ ಒಂದು. ಉಳಿದದ್ದೆಲ್ಲ ಮರಳು, ಕಲ್ಲು. ಸುಧಾಮಣಿ ಮಾತ್ರ ಆರು ವರ್ಷದಿಂದ ಚಟ್ನಿಯನ್ನು ಒರಳಿನಲ್ಲಿ ರುಬ್ಬುತ್ತಿದ್ದಳು, ರುಬ್ಬುವಾಗಲೆಲ್ಲ ಗಂಡನಿಗೆ ಕೇಳಿಸುವಷ್ಟು ಜೋರಾಗಿಯೇ ರುಬ್ಬುತ್ತಿದ್ದಳು.

ಇಂಥ ಸುಖದಲ್ಲಿರುವಾಗ ಅವನಿಗೆ ಗುಂಡ್ಲುಪೇಟೆಗೆ ವರ್ಗವಾಯಿತು.

ಗುಂಡ್ಲುಪೇಟೆಯಲ್ಲಿ ಐದು ಮನೆ ನೋಡಿ, ಐದೂ ಕೈತಪ್ಪಿ, ಆರನೆಯದಾಗಿ ಸಿಕ್ಕಿದ್ದು ಅರಿಶಿನದ ವ್ಯಾಪಾರಿ ಶಾಂತಮಲ್ಲಪ್ಪನವರ ಮನೆಯ ಪಕ್ಕದ ಭಾಗ. ಎರಡು ಕೋಣೆ, ನಲ್ಲಿಯಲ್ಲಿ ನೀರು, ಅಂಗಳದಲ್ಲಿ ಕಣಗಿಲೆ ಗಿಡ. ಸುಧಾಮಣಿ ಅಡುಗೆಮನೆಯ ಕಟ್ಟೆಯನ್ನು ಕೈಯಿಂದ ಸವರಿ ನೋಡಿದಾಗಲೇ, ಈ ಮನೆ ತಪ್ಪಿದರೆ ತನ್ನ ಗತಿ ಏನೆಂದು ಮೃತ್ಯುಂಜಯನಿಗೆ ತಿಳಿಯಿತು. ಶಾಂತಮಲ್ಲಪ್ಪ ಹಣೆಯ ವಿಭೂತಿ ಸರಿಮಾಡಿಕೊಂಡು ಒಂದೇ ಒಂದು ಷರತ್ತು ಹೇಳಿದರು.

"ನೋಡಿ ಮೃತ್ಯುಂಜಯಪ್ಪ, ಹಿಂದಿದ್ದೋನು ಕದ ಹಾಕ್ಕಂಡು ಬಂಗುಡೆ ಹುರಿದ್ಬುಟ್ಟ. ಆ ವಾಸ್ನ ಹೋಗ್ಲಿ ಅಂತ ಗೋಡೆಗೆ ಎರಡು ಸಲ ಸುಣ್ಣ ಹೊಡಿಸ್ದೆ. ನಮ್ಮವ್ವ ಎರಡು ದಿನ ಊಟ ಬುಟ್ಬುಟ್ರು. ಮೀನು ಅನ್ನೋದು ನಮ್ಮ ಕಾಂಪೌಂಡ್ ಒಳಕ್ಕ ಬರಕೂಡದು."

"ಶಿವ ಶಿವಾ! ಮೀನು ನಮ್ಮ ವಂಶದಲ್ಲೇ ಯಾರ ಬಾಯಿಗೂ ಹೋಗಿಲ್ಲ ಸಾರ್."

"ಬಾಯಿ ಮಾತಲ್ಲ ಕಣ್ರೀ. ಕಾಂಪೌಂಡು."

"ಕಾಂಪೌಂಡಿಗೂ ಬರಲ್ಲ ಸಾರ್," ಎಂದುಬಿಟ್ಟ ಮೃತ್ಯುಂಜಯ.

ವಾಪಸು ಬರುವಾಗ ಬಸ್ಸಿನಲ್ಲಿ ಸುಧಾಮಣಿ ಕೇಳಿದಳು: "ರೀ, ಮೀನು ಬರಲ್ಲ ಅಂದ್ರಲ್ಲ. ನಾವು ಬರ್ತೀವೋ ಇಲ್ವೋ?"

"ಅವರು ಹೇಳಿದ್ದು ಹುರಿಯೋ ಮೀನು ಕಣೆ. ನಮ್ಮದು ನೋಡೋ ಮೀನು."

"ಹಾಗಂತ ಅವರಿಗೆ ಹೇಳಬೇಕಾಗಿತ್ತು."

"ಒಂದು ತಿಂಗಳು ಹೋಗಲಿ. ಒಳ್ಳೆಯವರು ಅನ್ನಿಸಿಕೊಂಡ ಮೇಲೆ ನಿಧಾನವಾಗಿ ಹೇಳಿದರಾಯ್ತು. ಅಲ್ಲೀವರೆಗೂ ಹಿಂದಿನ ಕೋಣೇಲಿ ಪರದೆ ಹಾಕಿ ಇಡೋಣ."

ಶಾಂತಮಲ್ಲಪ್ಪನವರು ಒಂದು ಭಾನುವಾರ ಬೇಗೂರಿಗೆ ನಾಮಕರಣಕ್ಕೆ ಹೋಗುತ್ತಾರೆಂದು ತಿಳಿದು, ಮೃತ್ಯುಂಜಯ ಅದೇ ದಿನ ಮನೆ ಬದಲಿಸುವುದೆಂದು ತೀರ್ಮಾನಿಸಿದ. ಮೈಸೂರಿನ ಶಶಿಕುಮಾರ ಫೋನಿನಲ್ಲಿ ಮೂರು ಸಲ ಒಂದೇ ಪಾಠ ಹೇಳಿಕೊಟ್ಟ.

"ಹಳೇ ಮನೆ ಬಿಟ್ರೂ ಹಳೇ ನೀರು ಬಿಡಬೇಡಿ ಸಾರ್, ಕ್ಯಾನಲ್ಲಿ ತುಂಬಿಸಿಕೊಂಡು ಹೋಗಿ. ಕಲ್ಲು ಒಣಗಂಗಿಲ್ಲ, ಅದರೊಳಗೆಲ್ಲ ಸಣ್ಣ ಸಣ್ಣ ಜೀವ ಇರ್ತವೆ, ನೀರು ಕ್ಲೀನ್ ಮಾಡೋದೇ ಅವು. ಒದ್ದೆ ಬಟ್ಟೇಲಿ ಸುತ್ತಿ. ಅಲ್ಲಿ ಜೋಡಿಸಿದ ಮೇಲೆ ಮರಳು ಕದಡಿ ನೀರು ಒಂದು ದಿನ ಹಾಲಿನ ಥರ ಕಾಣುತ್ತೆ, ಹೆದರಬೇಡಿ. ಮೋಟಾರ್ ಮಾತ್ರ ನಿಲ್ಲಿಸಬೇಡಿ. ಮೋಟಾರ್ ನಿಂತರೆ ಮೀನಿಗೆ ಉಸಿರು ನಿಂತ ಹಾಗೆ."

ಭಾನುವಾರ ಬೆಳಿಗ್ಗೆ ಏಳಕ್ಕೆ ಸಂತೆಮರಹಳ್ಳಿಯ ರಾಜಣ್ಣ ತನ್ನ ಟೆಂಪೊ ತಂದು ನಿಲ್ಲಿಸಿದ. ಮಂಚ, ಬೀರು, ಒರಳು ಎಲ್ಲ ಏರಿದವು. ಹತ್ತು ಕ್ಯಾನು ನೀರು ಏರಿತು. ಮೀನುಗಳು ಮುಚ್ಚಳವಿರುವ ಬಕೆಟ್ಟಿಗೆ ಇಳಿದವು. ಅದಕ್ಕೆ ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಗಾಳಿಯಂತ್ರ, ಗುಂಯ್ ಎನ್ನುತ್ತಿತ್ತು. ಕಲ್ಲು ಸುತ್ತಲು ಮನೆಯಲ್ಲಿ ಬಟ್ಟೆಯೆಲ್ಲ ಮೂಟೆ ಕಟ್ಟಿಯಾಗಿತ್ತು. ಬೀರುವಿನ ತಳದಲ್ಲಿ ಕೈಗೆ ಸಿಕ್ಕಿದ್ದು ಮದುವೆ, ಗೃಹಪ್ರವೇಶಗಳಲ್ಲಿ ಉಡುಗೊರೆ ಬಂದ ಬಿಳಿ ಪಂಚೆಗಳು. ಮೃತ್ಯುಂಜಯ ಅವನ್ನೇ ಉಪ್ಪುನೀರಿನಲ್ಲಿ ಅದ್ದಿ ಸುತ್ತತೊಡಗಿದ.

ಕೊನೆಗೆ ಉಳಿದದ್ದು ದೊಡ್ಡ ಕಲ್ಲು. ಒಂದಡಿ ಎತ್ತರ, ಬುಡ ಅಗಲ, ತಲೆ ದುಂಡಗೆ, ಮೈಯೆಲ್ಲ ನೇರಳೆ. ರಾಜಣ್ಣ ಕೈಯೊಡ್ಡಿ ಅದನ್ನು ಎತ್ತಿದಾಗ, ತೂತುಗಳಲ್ಲಿದ್ದ ನೀರು ಇಳಿದು ಕಲ್ಲು ಗುಳುಗುಳು ಎಂದಿತು.

"ಅಯ್ಯೋ ಸಾ! ಕಲ್ಲು ಉಸಿರಾಡ್ತದ!"

"ಆಡದೆ ಏನು? ಅದಕ್ಕೆ ಜೀವ ಇದೆ ರಾಜಣ್ಣ. ಸಮುದ್ರದಲ್ಲಿ ಹುಟ್ಟಿದ್ದು. ಒಣಗಿದರೆ ಪ್ರಾಣ ಹೋಗುತ್ತೆ. ಮೆತ್ತಗೆ ಹಿಡಿ."

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದದ್ದೆಲ್ಲ ಆ ನಿಜದಿಂದಲೇ ಆಯಿತು.

ರಾಜಣ್ಣ ಕಲ್ಲನ್ನು ಮೆತ್ತಗೆ ಪಂಚೆಯ ಮೇಲಿಟ್ಟು, ಹೊರಗೆ ಹೋಗಿ ಚಪ್ಪಲಿ ಬಿಟ್ಟು, ಕೈಕಾಲು ತೊಳೆದುಕೊಂಡು ಬಂದ. "ಸಾ, ಇದ ಹಿಂದುಗಡ ಮಂಚದ ಸಂದೀಲಿ ಹಾಕಕಾಯ್ತದ? ಮುಂದುಗಡ ಕೂರ್ಸವ. ಅವ್ವಾರು ಬಸ್ಸಲ್ಲಿ ಬರ್ಲಿ."

ಹೀಗೆ ಸುಧಾಮಣಿ ಬಸ್ಸಿಗೆ ಹೋದಳು, ಕಲ್ಲು ಮೃತ್ಯುಂಜಯನ ತೊಡೆಯೇರಿತು, ಮೀನಿನ ಬಕೆಟ್ಟು ಅವನ ಕಾಲ ನಡುವೆ ಕೂತಿತು. ರಾಜಣ್ಣ ಹಾರನ್ ಹೊಡೆಯದೆ, ಹಳ್ಳಕ್ಕೆ ಇಳಿಸದೆ, ನೆರೆಮನೆಯ ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ಯುವವನಂತೆ ಗಾಡಿ ಓಡಿಸಿದ.

ತೆರಕಣಾಂಬಿ ಹತ್ತಿರ ಪೊಲೀಸರು ಗಾಡಿ ತಡೆಯುತ್ತಿದ್ದರು. ಕಾನ್‌ಸ್ಟೆಬಲ್ ಮೂಗಯ್ಯ ಹಿಂದೆ ಒಂದು ಸುತ್ತು ಹೊಡೆದು, ಕಿಟಕಿಯ ಹತ್ತಿರ ಬಂದ.

"ಕ್ಯಾನಲ್ಲಿ ಏನ್ರೀ?"

"ನೀರು ಸಾರ್."

"ಯಾಕ, ಗುಂಡ್ಲುಪೇಟೇಲಿ ನೀರು ನಿಂತೋಗದಾ?"

"ಇದು ಬೇರೆ ನೀರು ಸಾರ್. ಆರು ವರ್ಷ ಹಳೇದು."

ಮೂಗಯ್ಯನ ಕಣ್ಣು ಅಗಲವಾಯಿತು. ಅವನ ಇಪ್ಪತ್ತು ವರ್ಷದ ಸರ್ವಿಸಿನಲ್ಲಿ, ಹಳೆಯದಾದಷ್ಟೂ ಬೆಲೆ ಎಂದು ಜನ ಹೇಳಿಕೊಂಡದ್ದು ಒಂದೇ ಒಂದು ದ್ರವದ ಬಗ್ಗೆ. ಕ್ಯಾನಿನ ಮುಚ್ಚಳ ತೆಗೆದು ಮೂಸಿದ. ಸಂಶಯ ಬಗೆಹರಿಯದೆ ಅಂಗೈಗೆ ಸುರಿದುಕೊಂಡು ಬಾಯಿಗೆ ಹಾಕಿದ. ಮರುಕ್ಷಣ "ಥೂ, ಉಪ್ಪು!" ಎಂದು ರಸ್ತೆಗೆ ಉಗಿದ.

"ಉಗೀಬ್ಯಾಡಿ ಸಾ!" ರಾಜಣ್ಣ ಗಾಡಿಯಿಂದ ಧುಮುಕಿದ. "ಸಮುದ್ರದ ತೀರ್ಥ ಕನ ಅದು! ದ್ಯಾವ್ರು ಮುಂದುಗಡ ಕೂತದ, ಬಂದು ನೋಡಿ."

ಮೂಗಯ್ಯ ಬಂದು ನೋಡಿದ. ಬಿಳಿ ಪಂಚೆ ಉಟ್ಟ ದುಂಡನೆಯ ಕಲ್ಲು. ಅದನ್ನು ಎರಡೂ ಕೈಯಲ್ಲಿ ತಬ್ಬಿ, ಪ್ಯಾಂಟೆಲ್ಲ ಒದ್ದೆ ಮಾಡಿಕೊಂಡು ಮಿಸುಕಾಡದೆ ಕೂತ ಗೃಹಸ್ಥ. ಕೆಳಗೆಲ್ಲೋ ಗುಂಯ್ ಎಂಬ ನಾದ. ಮೂಗಯ್ಯ ಟೋಪಿ ತೆಗೆದು ಕಂಕುಳಲ್ಲಿ ಸಿಕ್ಕಿಸಿ, ತಪ್ಪಾಯಿತೆಂದು ಕೆನ್ನೆ ತಟ್ಟಿಕೊಂಡು, ಹಿಂದಕ್ಕೆ ಹೋಗಿ ಮೂರು ಬೊಗಸೆ ನೀರು ಕುಡಿದು ತಲೆಗೆ ಸವರಿಕೊಂಡ.

"ಹಾಗಲ್ಲ ಸಾರ್, ಇದು..." ಎಂದು ಮೃತ್ಯುಂಜಯ ಶುರುಮಾಡಿದ. ಆಗ ಕಾಲ ನಡುವಿನ ಬಕೆಟ್ಟಿನಲ್ಲಿ ಹಳದಿ ಮೀನು ಮುಚ್ಚಳಕ್ಕೆ ಪಟ್ ಎಂದು ಬಾಲ ಬಡಿಯಿತು. ಕರ್ತವ್ಯದ ಮೇಲಿರುವ ಪೊಲೀಸನಿಗೆ ಮೀನಿನ ನೀರು ಮೂರು ಬೊಗಸೆ ಕುಡಿಸಿದ್ದು ಯಾವ ಸೆಕ್ಷನ್ನಿನಲ್ಲಿ ಬರುತ್ತದೋ ಅವನಿಗೆ ಗೊತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡ.

"ಎಲ್ಲಿ ಪ್ರತಿಷ್ಠಾಪನ?" ಎಂದು ಮೂಗಯ್ಯ ಕೇಳಿದ್ದಕ್ಕೆ, ರಾಜಣ್ಣನೇ ಮನೆಯ ಗುರುತು, ಬೀದಿ, ತಿರುವು ಎಲ್ಲ ಬಿಡಿಸಿ ಹೇಳಿದ.

ಗುಂಡ್ಲುಪೇಟೆ ಮುಟ್ಟಿದಾಗ ಶಾಂತಮಲ್ಲಪ್ಪ ಬೇಗೂರಿಗೆ ಹೋಗಿದ್ದು ನಿಜ. ಆದರೆ ಅವರ ತಾಯಿ ದೊಡ್ಡಮಲ್ಲಮ್ಮ ಮಂಡಿನೋವೆಂದು ಹೋಗದೆ ಜಗಲಿಯಲ್ಲೇ ಕೂತಿದ್ದರು. ವಯಸ್ಸು ಎಂಬತ್ತೆರಡು, ಕಿವಿ ಚುರುಕು, ಕಣ್ಣು ಸ್ವಲ್ಪ ಮಂದ. ಮೃತ್ಯುಂಜಯ ಬಾಯಿ ತೆರೆಯುವ ಮೊದಲೇ ರಾಜಣ್ಣ ಗೇಟಿನಿಂದ ಕೂಗಿದ.

"ಅವ್ವಾರೆ, ದಾರಿ ಬುಡಿ! ಸಮುದ್ರದಲ್ಲಿ ಹುಟ್ಟಿದ ದ್ಯಾವ್ರು ಬಂದದ! ಜೀವ ಅದ ಕಲ್ಲಿಗ! ಒಣಗುದ್ರ ಪ್ರಾಣ ಓಯ್ತದ!"

ದೊಡ್ಡಮಲ್ಲಮ್ಮ ಮಂಡಿನೋವು ಮರೆತು ಎದ್ದು ನಿಂತರು. "ಏನ್ ಕೂಸು, ಇಂಥದ್ದ ಮನ್ಗ ತರ್ತೀನಿ ಅಂತ ಒಂದ್ ಮಾತು ಯೋಳ್ಬಾರ್ದಾ? ನೀರಾದ್ರೂ ಹಾಕಿ ಒಳಕ್ಕ ಕರ್ಕತಿದ್ನಲ್ಲ!"

"ಅಜ್ಜಿ, ಇದು ಬರೀ ಕಲ್ಲು..."

"ಸಿವ ಸಿವಾ, ಬರೀ ಕಲ್ಲು ಅನ್ಬ್ಯಾಡ. ಆ ಬಕೀಟಲ್ಲಿ ಏನ್ ಮಗ, ಗುಂಯ್ ಅಂತದ?"

ಆಗಷ್ಟೇ ಬಸ್ಸಿಳಿದು ಬಂದ ಸುಧಾಮಣಿಯ ಕಡೆಗೆ ಮೃತ್ಯುಂಜಯ ನೋಡಿದ. ಅವಳು ಒರಳಿನ ಕಡೆಗೆ ನೋಡಿದಳು.

"ಅದು... ದೇವರ ಪರಿವಾರ ಅಜ್ಜಿ," ಎಂದ ಮೃತ್ಯುಂಜಯ.

ಇದು ಅವನ ಎರಡನೆಯ ಸುಳ್ಳು. ಮೊದಲನೆಯದಕ್ಕೆ ಮನೆ ಸಿಕ್ಕಿತ್ತು, ಎರಡನೆಯದಕ್ಕೆ ಭಕ್ತರು ಸಿಕ್ಕರು.

ಹಿಂದಿನ ಕೋಣೆಯಲ್ಲಿ ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ತೊಟ್ಟಿ, ಮರಳು, ಕಲ್ಲು, ಹಳೆಯ ನೀರು, ಎಲ್ಲ ಜೋಡಿಸುವಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆ. ಕದ ಹಾಕಿಕೊಂಡು ಮೀನುಗಳನ್ನೂ ಒಳಗೆ ಬಿಟ್ಟ. ಶಶಿಕುಮಾರ ಹೇಳಿದಂತೆಯೇ ಮರಳು ಕದಡಿ ನೀರು ಬೆಳ್ಳಗೆ ಹಾಲಿನಂತಾಯಿತು. ಮೀನು ಒಂದೂ ಕಾಣುವಂತಿಲ್ಲ. ಗಾಜಿನ ಹತ್ತಿರವಿದ್ದ ದೊಡ್ಡ ಕಲ್ಲು ಮಾತ್ರ ಮಸುಕಾಗಿ ಕಾಣುತ್ತಿತ್ತು. ಮೃತ್ಯುಂಜಯ ನಿಟ್ಟುಸಿರು ಬಿಟ್ಟು ಕದ ತೆಗೆದರೆ, ಕದಕ್ಕೆ ಕಿವಿ ಕೊಟ್ಟು ನಿಂತಿದ್ದ ದೊಡ್ಡಮಲ್ಲಮ್ಮ ನೇರ ಒಳಕ್ಕೇ ಬಂದರು.

ತೊಟ್ಟಿಯ ಮುಂದೆ ನಿಂತು ಎರಡೂ ಕೈ ಜೋಡಿಸಿದರು.

"ಕ್ಷೀರಸಾಗರ," ಎಂದರು. "ನಮ್ಮಪ್ಪ ಕತ ಯೋಳವ್ನು. ಕಣ್ಣಲ್ಲಿ ನೋಡ್ತೀನಿ ಅಂತ ಅನ್ಕಂಡಿರ್ನಿಲ್ಲ."

ಓಡಿಹೋಗಿ ವಿಭೂತಿ ತಂದರು. ಕಲ್ಲಿಗೇ ಹಚ್ಚುತ್ತೇನೆಂದು ನೀರಿಗೆ ಕೈ ಹಾಕಲು ಹೋದವರನ್ನು ಮೃತ್ಯುಂಜಯ ಹೇಗೋ ತಡೆದು, "ಮುಟ್ಟಂಗಿಲ್ಲ ಅಜ್ಜಿ, ಗಾಜಿಗೆ ಹಚ್ಚಿ" ಎಂದ. ಗಾಜಿನ ಈ ತುದಿಯಿಂದ ಆ ತುದಿಯವರೆಗೆ ಮೂರು ಗೆರೆ ವಿಭೂತಿ ಬಿತ್ತು.

ಸಂಜೆ ಬೇಗೂರಿನಿಂದ ಬಂದ ಶಾಂತಮಲ್ಲಪ್ಪ ಸುದ್ದಿ ಕೇಳಿ, ಚಪ್ಪಲಿ ಬಿಟ್ಟು, ಕೋಣೆಯ ಬಾಗಿಲಲ್ಲೇ ಕೈಮುಗಿದು ನಿಂತರು.

"ಮೃತ್ಯುಂಜಯಪ್ಪ, ಇಂಥಾ ನಿಮ್ಮನ್ನ ನಾನು ಮೀನು ತರ್ತೀರಾ ಅಂತ ಕೇಳ್ಬುಟ್ಟನಲ್ಲ. ತಪ್ಪಾಗೋಯ್ತು. ಮನಸಲ್ಲಿ ಇಟ್ಕಬ್ಯಾಡಿ."

"ಪರವಾಗಿಲ್ಲ ಸಾರ್," ಎಂದ ಮೃತ್ಯುಂಜಯ, ಹಳದಿ ಮೀನು ಗಾಜಿನ ಕಡೆಗೆ ಬಾರದಿರಲಿ ಎಂದು ಶಿವನನ್ನೇ ಬೇಡಿಕೊಳ್ಳುತ್ತ.

ಅದೇ ಸಂಜೆ ಬೀದಿಯ ಹದಿನೇಳು ಮನೆಯವರು ಬಂದುಹೋದರು. ಎದುರು ಮನೆಯ ನಿವೃತ್ತ ಹೆಡ್‌ಮಾಸ್ಟರು ನೀರಿನ ಬಿಳುಪಿಗೆ ವೈಜ್ಞಾನಿಕ ಕಾರಣ ಇದ್ದೇ ಇರುತ್ತದೆಂದು ಅರ್ಧ ಗಂಟೆ ವಾದಿಸಿ, ಹೋಗುವಾಗ ಯಾರೂ ನೋಡದಂತೆ ಮಗಳ ಜಾತಕವನ್ನು ತೊಟ್ಟಿಯ ಮುಂದಿಟ್ಟು ತೆಗೆದುಕೊಂಡರು. ನಾಳೆ ಹೇಗೂ ಸೋಮವಾರ, ಒಂಬತ್ತು ಗಂಟೆಗೆ ಹಾಲಿನ ಅಭಿಷೇಕ ಎಂದು ದೊಡ್ಡಮಲ್ಲಮ್ಮ ಎಲ್ಲರಿಗೂ ಸಾರಿದರು. "ಕ್ಷೀರಸಾಗರ ಕಡ್ಮ ಆಗ್ಬಾರ್ದು ನೋಡು, ಹನ್ನೊಂದು ಲೀಟ್ರು ಯೋಳಿವ್ನಿ."

ಸೋಮವಾರ ಬೆಳಿಗ್ಗೆ ಆರಕ್ಕೆ ಮೃತ್ಯುಂಜಯ ಕೋಣೆಗೆ ಹೋಗಿ ನೋಡಿದ. ಮೋಟಾರು ತನ್ನ ಕೆಲಸ ಚೆನ್ನಾಗಿ ಮಾಡಿತ್ತು. ನೀರು ತಿಳಿಯಾಗುತ್ತಿತ್ತು. ಹಾಲು ಹೋಗಿ ಗಂಜಿಯಾಗಿತ್ತು. ಅದರ ನಡುವೆ ಹಳದಿಯದೊಂದು ಬಾಲ ತಿರುಗಿ ಮಾಯವಾಯಿತು. ಒಂಬತ್ತರ ಹೊತ್ತಿಗೆ ಪರಿವಾರವೆಲ್ಲ ದರ್ಶನ ಕೊಡುವುದರಲ್ಲಿ ಅನುಮಾನವಿರಲಿಲ್ಲ.

ಅವನು ಮೋಟಾರಿನ ಸ್ವಿಚ್ಚು ಆರಿಸಿ, ಕೈಯಿಂದ ಮರಳನ್ನು ಕಲಕಿದ. ನೀರು ಮತ್ತೆ ಬೆಳ್ಳಗಾಯಿತು.

ಅರ್ಧ ಗಂಟೆ ಕಳೆದು ಕಾಫಿ ತಂದ ಸುಧಾಮಣಿ ಲೋಟವನ್ನು ನೆಲಕ್ಕಿಟ್ಟು ಗಾಜಿನ ಹತ್ತಿರ ಕೂತಳು. ಮೂಲೆಯಲ್ಲಿ, ಗಾಜಿಗೆ ಒತ್ತಿಕೊಂಡು, ಕಿತ್ತಳೆ ಜೋಡಿಯಲ್ಲಿ ದೊಡ್ಡದು, ಹೆಣ್ಣು, ಪಕ್ಕಕ್ಕೆ ಮಲಗಿ ಬಾಯಿ ತೆರೆಯುತ್ತ ಮುಚ್ಚುತ್ತ ಇತ್ತು. ಗಂಡು ಅದರ ಸುತ್ತ ಸುತ್ತುತ್ತಿತ್ತು.

"ಮೋಟಾರ್ ಯಾಕೆ ನಿಂತಿದೆ?"

ಮೃತ್ಯುಂಜಯ ಮರಳು ಮೆತ್ತಿದ ಕೈಯನ್ನು ಬೆನ್ನ ಹಿಂದೆ ಸರಿಸಿದ.

"ಆರು ವರ್ಷ ಒರಳು ತಿರುಗಿಸಿದ್ದೀನಿ ರೀ. ಇವು ಸಾಯಲಿ ಅಂತಾನಾ?" ಎಂದಳು ಸುಧಾಮಣಿ. "ಮನೆ ಹೋದರೆ ಇನ್ನೊಂದು ಸಿಗುತ್ತೆ. ಹಾಕಿ ಮೊದಲು."

ಅವನು ಸ್ವಿಚ್ಚು ಹಾಕಿದ. ನೀರು ಮತ್ತೆ ಗುಳುಗುಳು ಎಂದಿತು. ಆದರೆ ಹೆಣ್ಣು ಮೀನು ಏಳಲಿಲ್ಲ.

ಒಂಬತ್ತು ಗಂಟೆಗೆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ರಾಜಣ್ಣ ಅದೇ ಟೆಂಪೊದಲ್ಲಿ ಸಂತೆಮರಹಳ್ಳಿಯಿಂದ ಹನ್ನೆರಡು ಜನರನ್ನು ತುಂಬಿಸಿಕೊಂಡು ಬಂದಿದ್ದ. ಮೂಗಯ್ಯ ಯೂನಿಫಾರ್ಮ್ ಬಿಟ್ಟು ಪಂಚೆಯಲ್ಲಿ, ಹೆಂಡತಿಯ ಸಮೇತ, ತೀರ್ಥ ಒಯ್ಯಲು ಎರಡು ಲೀಟರಿನ ಬಾಟಲಿ ಹಿಡಿದು ಬಂದಿದ್ದ. ಮೃತ್ಯುಂಜಯ ತೊಟ್ಟಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ, ಬಸ್ಸಿನಲ್ಲಿ ಸೀಟು ಹಿಡಿದವನಂತೆ ನಿಂತಿದ್ದ.

"ಸರ್ಕಂಡು ನಿಲ್ಲು ಮಗ," ಎಂದರು ದೊಡ್ಡಮಲ್ಲಮ್ಮ, ಹಾಲಿನ ಚೆಂಬು ಎತ್ತಿಕೊಂಡು.

"ಅಜ್ಜಿ, ಇದಕ್ಕೆ ಹಾಲು ಆಗೋದಿಲ್ಲ. ಉಪ್ಪುನೀರಲ್ಲವಾ, ಒಡೆದುಹೋಗುತ್ತೆ."

"ಹಂಗಾದ್ರ ಎಳನೀರು ಹಾಕವ. ಏ, ಎಳನೀರು ಕೆತ್ರಪ್ಪ!"

"ಎಳನೀರೂ ಆಗಲ್ಲ."

"ಜೇನುತುಪ್ಪ?"

"ಅಯ್ಯೋ ಬೇಡ ಅಜ್ಜಿ."

"ಇದೆಂಥಾ ಪಥ್ಯ ಮಾಡೋ ದೇವ್ರು ಕಣ್ರೀ?" ಎಂದರು ಶಾಂತಮಲ್ಲಪ್ಪ. "ಸಕ್ಕರೆ ಕಾಯಿಲೆಯೋರಿಗೂ ಇಷ್ಟು ಪಥ್ಯ ಇಲ್ವಲ್ಲ!"

"ಒಂದ್ ಚೆಂಬು ಹಾಲ್ಗ ಏನೂ ಆಗಲ್ಲ, ಬುಡು," ಎಂದು ಅಜ್ಜಿ ಅವನ ಕಂಕುಳ ಕೆಳಗಿನಿಂದಲೇ ನುಗ್ಗಿ ಚೆಂಬು ಎತ್ತಿದರು. ಮೊದಲ ಹನಿ ಚೆಂಬಿನ ತುಟಿಗೆ ಬಂತು.

"ಹಾಕಬೇಡಿ! ಒಳಗೆ ಮೀನಿದೆ!"

ಇಪ್ಪತ್ತೆರಡು ವರ್ಷದ ಸರ್ಕಾರಿ ನೌಕರಿಯಲ್ಲಿ ಮೃತ್ಯುಂಜಯ ಅಷ್ಟು ಗಟ್ಟಿಯಾಗಿ ಒಂದು ಮಾತನ್ನೂ ಆಡಿರಲಿಲ್ಲ.

"ಏನಿದೆ?" ಎಂದರು ಶಾಂತಮಲ್ಲಪ್ಪ, ಬಹಳ ಮೆಲ್ಲಗೆ.

"ಮೀನು ಸಾರ್. ಮೂರಿದಾವೆ. ಒಂದು ಏಡಿ. ಇದು ದೇವರಲ್ಲ, ಮೀನಿನ ತೊಟ್ಟಿ." ಆರು ವರ್ಷದಲ್ಲಿ ಮೊದಲ ಸಲ ಅವನೇ ಅದನ್ನು ಮೀನಿನ ತೊಟ್ಟಿ ಎಂದು ಕರೆದದ್ದು. "ಆ ಕಲ್ಲಿನಲ್ಲಿ ಜೀವ ಇರೋದು ನಿಜ, ಹುಳದ ಜೀವ. ಮನೆ ಸಿಗಲ್ಲ ಅಂತ ಸುಳ್ಳು ಹೇಳಿದೆ. ಹಾಲು ಹಾಕಿದರೆ ಎಲ್ಲ ಸಾಯ್ತವೆ ಸಾರ್. ಒಂದು ಆಗಲೇ ಸಾಯ್ತಾ ಇದೆ, ಅದೂ ನನ್ನಿಂದಲೇ."

ಮಾತಿಗೆ ಸಾಕ್ಷಿ ಹೇಳುವಂತೆ ಹಳದಿ ಮೀನು ಗಾಜಿನ ಹತ್ತಿರ ಬಂದು, ವಿಭೂತಿಯ ಎರಡು ಗೆರೆಗಳ ನಡುವಿನಿಂದ ನೆರೆದವರನ್ನು ನೋಡಿ ಹೋಯಿತು.

ಮೊದಲು ಬಾಯಿ ಬಂದದ್ದು ಮೂಗಯ್ಯನಿಗೆ. "ಮೂರು ಬೊಗಸ ಕುಡ್ದಿವ್ನಿ ಕಣ್ರೀ! ತಲಗೂ ಹಾಕ್ಕಂಡಿವ್ನಿ!"

"ನಂಗೂ ಒಂದ್ ಬಾಟ್ಲು ತತ್ತೀನಿ ಅಂದಿದ್ರಲ್ಲ," ಎಂದಳು ಅವನ ಹೆಂಡತಿ, ದೂರ ಸರಿಯುತ್ತ. ಸಂತೆಮರಹಳ್ಳಿಯ ಹನ್ನೆರಡು ಜನವೂ ಒಟ್ಟಿಗೆ ರಾಜಣ್ಣನ ಕಡೆಗೆ ತಿರುಗಿದರು. ರಾಜಣ್ಣ ಕಿಟಕಿಯ ಕಡೆಗೆ ತಿರುಗಿದ. ಹೆಡ್‌ಮಾಸ್ಟರು "ನಾನು ನಿನ್ನೆಯೇ ಹೇಳಿದ್ದೆ" ಎಂದು ನಾಲ್ಕು ಸಲ ಹೇಳಿದರು.

ಶಾಂತಮಲ್ಲಪ್ಪನವರ ಹಣೆಯ ಮೇಲೆ ವಿಭೂತಿ ಕುಣಿಯಿತು. "ನಮ್ಮವ್ವನ ಕೈಲಿ ಮೀನ್ಗ ಪೂಜ ಮಾಡಿಸ್ಬುಟ್ರಲ್ರೀ! ನಾನೂ ಕೈಮುಗ್ದು ಕ್ಷಮಾಪಣೆ ಬೇರೆ ಕೇಳ್ದೆ! ಖಾಲಿ ಮಾಡಿ. ಈಗ್ಲೇ ಮಾಡಿ. ಗಾಡೀನೂ ಬಾಗಿಲಲ್ಲೇ ಅದ!"

"ಮಾಡ್ತೀನಿ ಸಾರ್. ಎರಡು ದಿನ ಕೊಡಿ. ನಿನ್ನೆ ತಾನೇ ಕದಲಿಸಿದ್ದೀನಿ, ಇವತ್ತು ಇನ್ನೊಂದು ಸಲ ಕದಲಿಸಿದರೆ ಒಂದೂ ಉಳಿಯಲ್ಲ."

"ಎರಡು ಗಂಟೇನೂ ಕೊಡಲ್ಲ!"

ಇಷ್ಟು ಗದ್ದಲದಲ್ಲಿ ದೊಡ್ಡಮಲ್ಲಮ್ಮ ಚೆಂಬನ್ನು ಸೊಸೆಯ ಕೈಗೆ ಕೊಟ್ಟು, ಸೆರಗಿನಿಂದ ಗಾಜಿನ ವಿಭೂತಿ ಒರೆಸಿ, ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡುತ್ತಿದ್ದರು. ಎಂಬತ್ತೆರಡು ವರ್ಷದಲ್ಲಿ ಅವರಿಗೆ ಮೀನೆಂದರೆ ಪಕ್ಕದ ಮನೆಯಿಂದ ಬರುವ ವಾಸನೆ. ಜೀವ ಇರುವುದನ್ನು ಇಷ್ಟು ಹತ್ತಿರದಿಂದ ಕಂಡದ್ದೇ ಇಲ್ಲ.

"ಇದಾ ಮೀನು?" ಎಂದರು. "ಇದ್ನ ಹುರ್ಕಂಡು ತಿಂದನಾ ಆ ಪಾಪಿ?"

"ಅದು ಬೇರೆ ಜಾತಿ ಅಜ್ಜಿ. ಇದನ್ನ ಯಾರೂ ತಿನ್ನಲ್ಲ."

"ಈ ಅರಿಸ್ನದ ಬಣ್ಣದ್ದು ಏನ್ ತಿಂತದ?"

"ಸೊಪ್ಪು ಅಜ್ಜಿ. ಸೊಪ್ಪು ಬಿಟ್ಟು ಬೇರೆ ಮುಟ್ಟೋದು ಕಡಿಮೆ."

"ಮಿಕ್ಕವು?"

"ಕಾಳು," ಎಂದಳು ಸುಧಾಮಣಿ ಮುಂದೆ ಬಂದು. "ಅಂಗಡೀಲಿ ಸಿಗೋ ಸಣ್ಣ ಕಾಳು."

ಆ ಕಾಳನ್ನು ಒಣಮೀನಿನ ಪುಡಿಯಿಂದ ಮಾಡಿರುತ್ತಾರೆಂದು ಡಬ್ಬಿಯ ಬೆನ್ನ ಮೇಲೆ ಸಾಸಿವೆಯಷ್ಟು ಅಕ್ಷರದಲ್ಲಿ ಬರೆದಿತ್ತು. ಮೃತ್ಯುಂಜಯ ಅಂದು ಪೂರ್ತಿ ನಿಜವನ್ನೇ ಹೇಳುವವನಿದ್ದ. ಸುಧಾಮಣಿ ಅವನ ಕಾಲು ತುಳಿದಳು.

"ಸೊಪ್ಪು, ಕಾಳು," ದೊಡ್ಡಮಲ್ಲಮ್ಮ ಮಗನ ಕಡೆ ತಿರುಗಿದರು. "ನಮ್ಮನೆ ಊಟವೇ ಕನ್ಲಾ. ಈ ಮೂಲೇಲಿ ಮಲಗಿರದು ಯಾಕಪ್ಪ ಏಳಲ್ಲ?"

"ಉಸಿರು ಕಟ್ಟಿದೆ ಅಜ್ಜಿ. ನಿಮಗೆ ಕಾಣಬಾರದು ಅಂತ ನಾನೇ ಮೋಟಾರ್ ನಿಲ್ಲಿಸಿದ್ದೆ."

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದರು. "ನಂಗ ಹೆದ್ರಕಂಡು ಅದರ ಉಸಿರು ಕಟ್ಟುಸ್ದಾ? ಸರ್ಕಾರಿ ಕೆಲಸ್ದಲ್ಲಿ ಇರವನು ನೀನು! ಅದು ಮೂಕ ಜೀವ, ಬಸುರಿಯೋ ಬಾಣಂತಿಯೋ ಯಾರ್ಗ ಗೊತ್ತು!" ಎಂದು ಅಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ತೊಟ್ಟಿಯ ಮುಂದೆ ಕೂತುಬಿಟ್ಟರು.

"ಅವ್ವಾ, ಏಳವ್ವ. ಇವ್ರು ಖಾಲಿ ಮಾಡಬೇಕು," ಎಂದರು ಶಾಂತಮಲ್ಲಪ್ಪ.

"ಅವ್ನು ಬೇಕಾದ್ರ ಓಗ್ಲಿ. ಇವು ಇಲ್ಲೇ ಇರ್ತವ. ನೆನ್ನ ತಾನೆ ಬಂದವ, ಇವತ್ತೇ ಎಲ್ಲಿಗ ಅಟ್ಟೀಯೆ ಇವುನ್ನ?"

"ಅವ್ವಾ, ಅವು ಮೀನು!"

"ಕಣ್ಣು ಮಂದ ಕನ ನಂಗ, ಕುರುಡಲ್ಲ."

"ಅವ್ರು ಹೋದ್ರೆ ಇವುನ್ನ ನೋಡ್ಕಳ್ಳೋರು ಯಾರು?"

ಅಜ್ಜಿ ಸ್ವಲ್ಪ ಯೋಚಿಸಿದರು. "ಹಂಗಾದ್ರ ಅವ್ನೂ ಇರ್ಲಿ, ಬುಡು," ಎಂದರು.

ಶಾಂತಮಲ್ಲಪ್ಪ ತಾಯಿಯ ಮಾತು ಮೀರಿದವರಲ್ಲ. ಹಾಗೆಂದು ಸೋತೆನೆಂದು ಹತ್ತು ಜನರ ಮುಂದೆ ಒಪ್ಪುವುದಾದರೂ ಹೇಗೆ? "ಇರ್ಲಿ. ಆದ್ರೆ ನಾನು ಈ ಕೋಣೆ ಕಡೆ ತಲೆ ಹಾಕಲ್ಲ. ಅದರ ಮುಖ ನೋಡಲ್ಲ, ಹೆಸ್ರು ಎತ್ತಲ್ಲ," ಎಂದು ಗುಡುಗಿ, ಅಂಗಳಕ್ಕೆ ಹೋಗಿ, ಕಣಗಿಲೆ ಗಿಡದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಮನೆಗೆ ಬೆನ್ನು ಮಾಡಿ ಕೂತರು. ಸೋಮವಾರ ವ್ಯಾಪಾರಕ್ಕೂ ಹೋಗಲಿಲ್ಲ. ಸಿಟ್ಟು ಅಷ್ಟಿತ್ತು.

ಹನ್ನೊಂದು ಲೀಟರ್ ಹಾಲು ಕೆಡುತ್ತದಲ್ಲ ಎಂದು ಸುಧಾಮಣಿಯೂ ಮನೆಯ ಸೊಸೆಯೂ ಸೇರಿ ಪಾಯಸಕ್ಕೆ ಇಟ್ಟರು. ಪಾಯಸವೆಂದ ಮೇಲೆ ಯಾರೂ ಮನೆಗೆ ಹೊರಡಲಿಲ್ಲ. ದೇವರಿಲ್ಲವೆಂದು ಗೊತ್ತಾದರೂ ಭಕ್ತರೆಲ್ಲ ತೊಟ್ಟಿಯ ಮುಂದೆಯೇ ಕೂತರು. ಮೂಗಯ್ಯ ತಾನು ಕುಡಿದ ನೀರು ಯಾವ ಮೀನಿನದು ಎಂದು ವಿಚಾರಿಸಿ, ಹಳದಿಯದು ಸ್ವಚ್ಛವಾಗಿ ಕಾಣುತ್ತದೆ, ಬಹುಶಃ ಅದರದೇ ಇರಬೇಕು ಎಂದು ಸಮಾಧಾನ ಮಾಡಿಕೊಂಡ. ಏಡಿ ಚಿಪ್ಪಿನಿಂದ ಕಾಲು ಚಾಚಿದಾಗ ಸಂತೆಮರಹಳ್ಳಿಯವರು ಒಟ್ಟಿಗೆ ಹಿಂದಕ್ಕೆ ಸರಿದರು. ರಾಜಣ್ಣ ಮಾತ್ರ ದೊಡ್ಡ ಕಲ್ಲಿನ ಮುಂದೆ ಕೂತು, "ಏನೇ ಅನ್ನಿ ಸಾ, ಜೀವ ಅದ ಅಂದ್ರಲ್ಲ, ಅದು ಸುಳ್ಳಲ್ವಲ್ಲ," ಎನ್ನುತ್ತಿದ್ದ.

ಮೃತ್ಯುಂಜಯ ಯಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಮೂಲೆಯ ಗಾಜಿಗೆ ಹಣೆ ಒತ್ತಿ ಕೂತಿದ್ದ. ಮೋಟಾರು ಓಡುತ್ತಿತ್ತು, ನೀರು ತಿಳಿಯಾಗುತ್ತಿತ್ತು. ಹತ್ತಾಯಿತು, ಹನ್ನೊಂದಾಯಿತು. ಹೆಣ್ಣು ಮೀನಿನ ಕಿವಿರು ಆಡುತ್ತಿತ್ತು, ಮೈ ಮಾತ್ರ ಆಡುತ್ತಿರಲಿಲ್ಲ. ಗಂಡು ಮೀನು ಬಂದು ಅದನ್ನು ಮೂತಿಯಿಂದ ತಿವಿಯುವುದು, ಹೋಗುವುದು, ಮತ್ತೆ ಬರುವುದು. ಪಕ್ಕದಲ್ಲಿ ದೊಡ್ಡಮಲ್ಲಮ್ಮ ಸ್ಟೂಲಿನಿಂದ ಏಳದೆ ಕೂತಿದ್ದರು. "ಏಳವ್ವ, ಏಳು ಕೂಸು," ಎಂದು ನಡುನಡುವೆ ಗಾಜಿಗೆ ಹೇಳುತ್ತಿದ್ದರು.

ಅಂಗಳದಿಂದ ಆಗಾಗ ಕೆಮ್ಮು ಕೇಳಿಸುತ್ತಿತ್ತು. ಒಮ್ಮೆ ಸೊಸೆ ಪಾಯಸ ಕೊಡಲು ಹೋದಾಗ ಶಾಂತಮಲ್ಲಪ್ಪ, "ಒಳಗೆ ಯಾಕೆ ಸದ್ದೇ ಇಲ್ಲ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, "ನಂಗೇನು," ಎಂದು ಲೋಟ ತೆಗೆದುಕೊಂಡರಂತೆ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಸುಧಾಮಣಿ ಡಬ್ಬಿಯಿಂದ ಎರಡು ಕಾಳು ತೆಗೆದು ಮೂಲೆಗೆ ಬಿಟ್ಟಳು. ಒಂದನ್ನು ಗಂಡು ನುಂಗಿತು. ಇನ್ನೊಂದು ನಿಧಾನವಾಗಿ ಇಳಿಯುತ್ತ ಹೆಣ್ಣಿನ ಮುಂದೆ ಬಂತು. ಕೋಣೆಯಲ್ಲಿ ಒಬ್ಬರೂ ಪಾಯಸ ಸುರ್ ಎನ್ನಿಸಲಿಲ್ಲ. ಹೆಣ್ಣು ಮೀನು ಒಮ್ಮೆ ಮೈ ಕೊಡವಿತು, ಹೊರಳಿತು, ನೆಟ್ಟಗಾಯಿತು. ಕಾಳನ್ನು ಗಬಕ್ಕನೆ ನುಂಗಿತು.

"ತಿಂತು ಕನ್ಲಾ!" ದೊಡ್ಡಮಲ್ಲಮ್ಮ ಬೀದಿಗೆ ಕೇಳುವಂತೆ ಕೂಗಿದರು. "ತಿಂತು! ಎದ್ದು ತಿಂತು!"

ಮೂಗಯ್ಯ ಮೃತ್ಯುಂಜಯನನ್ನು ತಬ್ಬಿಕೊಂಡ. ಹೊರಗೆ ಕಣಗಿಲೆ ಗಿಡದ ಕೆಳಗೆ ಕುರ್ಚಿ ಬಿದ್ದ ಸದ್ದಾಯಿತು. ಪಂಚೆ ಎತ್ತಿಕೊಂಡು, ಅರ್ಧ ಕುಡಿದ ಪಾಯಸದ ಲೋಟ ಹಿಡಿದುಕೊಂಡೇ ಶಾಂತಮಲ್ಲಪ್ಪ ಒಳಗೆ ಓಡಿಬಂದು, ಜನರನ್ನು ಸರಿಸಿ, ಗಾಜಿಗೆ ಮುಖ ಒತ್ತಿದರು.

"ಯಾವ್ದು?" ಎಂದರು ಏದುಸಿರು ಬಿಡುತ್ತ. "ಯಾವ್ದವ್ವಾ? ಆ ಮೂಲೇಲಿದ್ದದ್ದಾ?"